ಚಲಚ್ಚಿತ್ರವೂ ಉಷ್ಣವಲಯದ ದ್ವೀಪಗಳೂ

ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಣ ಸಾಗರಗಳಲ್ಲಿ ಚದರಿಬಿದ್ದಿರುವ ದ್ವೀಪಗಳನ್ನು ಅರಸಿಕೊಂಡು ಚಲಚ್ಚಿತ್ರದ ಕ್ಯಾಮೆರಾ ಹೊರಟು ಈಗ ಒಂದು ಶತಮಾನಕ್ಕೂ ಮಿಗಿಲಾಯಿತು. ಹವಾಯಿ, ತಾಹಿತಿ, ಸಮೋವ, ಫಿಜಿ, ಜಮೈಕ, ಸಿಂಹಳ, ಥಾಯ್ಲೆಂಡಿನ ಕರಾವಳಿಯ ಪುಟ್ಟ ಸುಣ್ಣಕಲ್ಲಿನ ನಡುಗಡ್ಡೆಗಳು, ನಮ್ಮ ಅಂಡಮಾನ್ ಮತ್ತು ಲಕ್ಷದ್ವೀಪ, ಇವೆಲ್ಲ ಒಂದಲ್ಲ ಒಂದು ಕಾಲದಲ್ಲಿ ಬೆಳ್ಳಿತೆರೆಗೆ ತಮ್ಮ ಕಡಲನ್ನೂ ಕಾಡನ್ನೂ ಎರವಲು ಕೊಟ್ಟಿವೆ. ಈ ಸಂಬಂಧವನ್ನು ಕುರಿತು ಬರೆಯುವವರು ಸಾಧಾರಣವಾಗಿ ಅಲ್ಲಿನ ನಿಸರ್ಗಶೋಭೆಯನ್ನು ವರ್ಣಿಸಿ ತೃಪ್ತರಾಗುವರು. ಆದರೆ ವಿಷಯವನ್ನು ಮೊದಲಿನಿಂದ ಕಡೆಯವರೆಗೆ ಅವಲೋಕಿಸಿದಾಗ ಕಣ್ಣಿಗೆ ಬೀಳುವ ಸಂಗತಿ ಬೇರೊಂದು: ಇಷ್ಟೊಂದು ಚಿತ್ರಗಳಲ್ಲಿ ಕಾಣಿಸಿಕೊಂಡ ಈ ದ್ವೀಪಗಳು ತಮ್ಮ ಸ್ವಂತ ಹೆಸರಿನಿಂದ ಕಾಣಿಸಿಕೊಂಡದ್ದು ಅತಿ ವಿರಳ. ಸಿಂಹಳವು ಸಯಾಮಿನ ವೇಷ ಧರಿಸಿದೆ; ಥಾಯ್ಲೆಂಡಿನ ಫುಕೆಟ್ ಕಾಂಬೋಡಿಯದ ರಾಜಧಾನಿಯಾಗಿದೆ; ಹವಾಯಿಯ ಕವಾಯಿಯು ಕೋಸ್ಟರೀಕದ ಆಚೆಗಿನ ಕಾಲ್ಪನಿಕ ದ್ವೀಪವಾಗಿದೆ; ಫ್ರೆಂಚರ ಗ್ವಾಡೆಲೂಪ್ ಆಂಗ್ಲರ ಇಲ್ಲದ ವಸಾಹತಾಗಿದೆ. ಹೆಸರು ಕಳೆದುಕೊಂಡ ನೆಲಕ್ಕೆ ಚಿತ್ರದವರು ಎಷ್ಟರಮಟ್ಟಿಗೆ ಋಣಿಗಳೆಂಬುದೇ ಈ ಇಡೀ ವಿಷಯದ ತಿರುಳು ಎಂದು ನನಗೆ ತೋರುತ್ತದೆ.

ಮೊದಲು, ಚಿತ್ರತಂಡಗಳು ಇಷ್ಟು ದೂರ ಬರುವುದೇಕೆ ಎಂಬುದನ್ನು ವಿಚಾರಿಸೋಣ. ಕೇವಲ ತೆಂಗು, ಮರಳು, ನೀಲಿ ನೀರುಗಳೇ ಕಾರಣವಾಗಿದ್ದರೆ ಯಾವ ಕರಾವಳಿಯಾದರೂ ಸಾಕಿತ್ತು. ಬೆಟ್ಟಗಳುಳ್ಳ ಉಷ್ಣವಲಯದ ದ್ವೀಪದ ವಿಶೇಷವೆಂದರೆ ಅಲ್ಪಸ್ಥಳದಲ್ಲಿ ಅದು ಅಡಗಿಸಿಕೊಂಡಿರುವ ವೈವಿಧ್ಯ. ಕವಾಯಿಯನ್ನೇ ನೋಡಬಹುದು. ಸುಮಾರು 1,430 ಚದರ ಕಿಲೋಮೀಟರುಗಳ ಈ ದ್ವೀಪದ ನಡುವೆ ನಿಂತಿರುವ ವಯಲೇಯಲೇ ಶಿಖರವು ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳನ್ನು ತಡೆದು, ನಮ್ಮ ಆಗುಂಬೆಯನ್ನೂ ಹಿಂದಿಕ್ಕುವಂತೆ, ವರ್ಷಕ್ಕೆ ಸರಾಸರಿ 9,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಸಿಕೊಳ್ಳುತ್ತದೆ. ಅದೇ ಶಿಖರದ ಮರೆಯಲ್ಲಿರುವ ಪಶ್ಚಿಮ ತೀರದಲ್ಲಿ ಅದರ ಹತ್ತರಲ್ಲೊಂದು ಪಾಲಿನಷ್ಟೂ ಮಳೆ ಬೀಳದೆ ಕೆಂಪು ಮಣ್ಣು ಬಿರಿದುಕೊಂಡಿರುತ್ತದೆ. ಬೆಳಗ್ಗೆ ದಟ್ಟಾರಣ್ಯದಲ್ಲಿ ದೃಶ್ಯವೊಂದನ್ನು ಮುಗಿಸಿದ ಯೂನಿಟ್ಟು ಮಧ್ಯಾಹ್ನದ ಊಟದ ಹೊತ್ತಿಗೆ ಬಯಲುಸೀಮೆಯನ್ನು ಸೇರಬಹುದು. 1981ರ ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ ಚಿತ್ರದ ಆರಂಭದಲ್ಲಿ ದಕ್ಷಿಣ ಅಮೆರಿಕದ ಕಾಡಾಗಿಯೂ, 1976ರ ‘ಕಿಂಗ್ ಕಾಂಗ್’ನಲ್ಲಿ ದೈತ್ಯ ವಾನರನ ನಾಡಾಗಿಯೂ ಕವಾಯಿಯೇ ಕಾಣಿಸಿಕೊಳ್ಳಲು ಸಾಧ್ಯವಾದದ್ದು ಈ ಗುಣದಿಂದ.

ಆದರೆ ಈ ನಿಸರ್ಗವು ಛಾಯಾಗ್ರಾಹಕನಿಗೆ ವರವಾಗಿರುವಷ್ಟೇ ಪರೀಕ್ಷೆಯೂ ಆಗಿದೆ. ನಡುಹಗಲಿನಲ್ಲಿ ಸೂರ್ಯನು ನೆತ್ತಿಯ ಮೇಲೆ ನಿಲ್ಲುವುದರಿಂದ ನಟನ ಕಣ್ಣುಗಳು ಹುಬ್ಬಿನ ನೆರಳಿನಲ್ಲಿ ಮುಳುಗಿಹೋಗುತ್ತವೆ; ಮರಳಿನ ಬಿಳುಪು ಕೆಳಗಿನಿಂದ ಬೆಳಕನ್ನು ಎರಚುತ್ತದೆ; ಸಂಜೆಯಾಯಿತೆಂದರೆ ಸೂರ್ಯನು ಕ್ಷಿತಿಜಕ್ಕೆ ಬಹುಮಟ್ಟಿಗೆ ಲಂಬವಾಗಿ ಇಳಿದುಬಿಡುವನಾದ್ದರಿಂದ ಉತ್ತರ ದೇಶಗಳಲ್ಲಿ ದೀರ್ಘವಾಗಿ ದೊರೆಯುವ ಹೊಂಬಣ್ಣದ ಹೊತ್ತು ಇಲ್ಲಿ ರಿಫ್ಲೆಕ್ಟರುಗಳನ್ನು ಸರಿಪಡಿಸುವಷ್ಟರಲ್ಲಿ ಮುಗಿದಿರುತ್ತದೆ. ಗಾಳಿಯ ತೇವವು ಕಚ್ಚಾ ಫಿಲ್ಮನ್ನು ಕೆಡಿಸುವುದು, ಮಸೂರಗಳ ಮೇಲೆ ಬೂಷ್ಟು ಹಿಡಿಸುವುದು, ಉಪ್ಪುಗಾಳಿಯು ಯಂತ್ರಗಳನ್ನು ತುಕ್ಕು ಹಿಡಿಸುವುದು, ಇವು ಹಳೆಯ ಕಾಲದ ತಂಡಗಳ ನಿತ್ಯದ ಗೋಳು. ಇವೆಲ್ಲಕ್ಕೂ ಮಿಗಿಲಾದುದು ಚಂಡಮಾರುತ. 1992ರ ಸೆಪ್ಟೆಂಬರ್ 11ರಂದು ಇನಿಕಿ ಎಂಬ ಚಂಡಮಾರುತವು ಕವಾಯಿಯ ಮೇಲೆ ಎರಗಿದಾಗ ‘ಜುರಾಸಿಕ್ ಪಾರ್ಕ್’ ಚಿತ್ರದ ತಂಡವು ಅಲ್ಲಿಯೇ ಇದ್ದು, ಹೋಟೆಲೊಂದರ ಸಭಾಂಗಣದಲ್ಲಿ ಆಶ್ರಯ ಪಡೆಯಬೇಕಾಯಿತು. ತೀರಕ್ಕೆ ಅಪ್ಪಳಿಸುತ್ತಿದ್ದ ಅಲೆಗಳ ಕೆಲವು ದೃಶ್ಯಗಳು ಚಿತ್ರದಲ್ಲಿಯೇ ಸೇರಿಕೊಂಡವು. ಅದೇ ಗಾಳಿಗೆ ಸಿಕ್ಕಿ ಹಾಳಾದ ಕೋಕೋ ಪಾಮ್ಸ್ ಎಂಬ ಪ್ರಸಿದ್ಧ ವಸತಿಗೃಹ, 1961ರಲ್ಲಿ ಎಲ್ವಿಸ್ ಪ್ರೆಸ್ಲಿಯ ‘ಬ್ಲೂ ಹವಾಯಿ’ಯ ಚಿತ್ರೀಕರಣಕ್ಕೆ ಎಡೆಯಾಗಿದ್ದುದು, ಮತ್ತೆ ಬಾಗಿಲು ತೆರೆಯಲೇ ಇಲ್ಲ. ತಂಡಕ್ಕೆ ಒಂದೆರಡು ದಿನಗಳ ವಿಘ್ನವಾದದ್ದು ದ್ವೀಪಕ್ಕೆ ವರ್ಷಾಂತರಗಳ ವಿಪತ್ತಾಯಿತು.

ಇನ್ನು ಇತಿಹಾಸ. ದ್ವೀಪಕ್ಕೆ ಹೋಗಿ ಬಹುಕಾಲ ನೆಲಸಿ ಚಿತ್ರ ತೆಗೆದವರಲ್ಲಿ ಮೊದಲು ನೆನೆಯಬೇಕಾದವನು ರಾಬರ್ಟ್ ಫ್ಲಾಹರ್ಟಿ. ಹಿಮಪ್ರದೇಶದ ಜನಜೀವನವನ್ನು ಕುರಿತ ‘ನನೂಕ್’ 1922ರಲ್ಲಿ ಯಶಸ್ವಿಯಾದ ಮೇಲೆ, ಅಂಥದೇ ಇನ್ನೊಂದು ಕೃತಿಯನ್ನು ಬಯಸಿದ ಪ್ಯಾರಮೌಂಟ್ ಸಂಸ್ಥೆಯು ಅವನನ್ನು 1923ರಲ್ಲಿ ಸಮೋವಕ್ಕೆ ಕಳಿಸಿತು. ಅವನು ಮಡದಿ ಮಕ್ಕಳೊಂದಿಗೆ ಸವಾಯಿ ದ್ವೀಪದ ಸಫೂನೆ ಎಂಬ ಹಳ್ಳಿಯಲ್ಲಿ ಬಿಡಾರ ಹೂಡಿ ಒಂದು ವರ್ಷಕ್ಕೂ ಹೆಚ್ಚು ಕಾಲ ಇದ್ದನು. ಅಲ್ಲಿ ಅವನಿಗೊಂದು ಅನಿರೀಕ್ಷಿತವಾದ ತೊಡಕು ಎದುರಾಯಿತು. ಹಿಮದ ನಾಡಿನಲ್ಲಿ ಅನ್ನಕ್ಕಾಗಿ ನಡೆಯುವ ಹೋರಾಟವೇ ಕಥೆಯಾಗಿತ್ತು. ಇಲ್ಲಾದರೋ ತೆಂಗು, ಕೆಸುವಿನ ಗೆಡ್ಡೆ, ಮೀನು ಯಥೇಚ್ಛವಾಗಿ ದೊರೆಯುತ್ತಿದ್ದುದರಿಂದ ಹೋರಾಟವೇ ಇರಲಿಲ್ಲ. ಆದಕಾರಣ ಆ ಊರಿನಲ್ಲಿ ಆಗಲೇ ಹಿಂದೆ ಸರಿಯುತ್ತಿದ್ದ ಹಚ್ಚೆಯ ಸಂಸ್ಕಾರವನ್ನು ಅವನು ಮತ್ತೆ ನಡೆಸಿಸಿದನು. ಮಿಷನರಿಗಳ ಪ್ರಭಾವದಿಂದ ಹತ್ತಿಯ ಬಟ್ಟೆಗೆ ಒಗ್ಗಿದ್ದವರು ಕ್ಯಾಮೆರಾಕ್ಕಾಗಿ ಪೂರ್ವಿಕರ ನಾರುಮಡಿಯನ್ನು ಉಟ್ಟರು. ಒಬ್ಬ ತರುಣನು ನಿಜವಾಗಿಯೂ ತನ್ನ ಸೊಂಟದಿಂದ ಮೊಣಕಾಲಿನವರೆಗೆ ಹಚ್ಚೆಯ ಸೂಜಿಯ ನೋವನ್ನು ಸಹಿಸಿದನು. ಫ್ಲಾಹರ್ಟಿಯು ಫಿಲ್ಮನ್ನು ಸಂಸ್ಕರಿಸಲು ಒಂದು ಗುಹೆಯನ್ನು ಆರಿಸಿಕೊಂಡಿದ್ದನು. ರಾಸಾಯನಿಕಗಳಿಂದ ಕಲುಷಿತವಾದ ಆ ಗುಹೆಯ ಕೊಳದ ನೀರನ್ನು ಕುಡಿದು ಅವನೇ ಕಾಯಿಲೆ ಬಿದ್ದನು. ಚಿತ್ರೀಕರಣದ ವಿಷವು ದ್ವೀಪದ ನೀರಿಗೆ ಬೆರೆತ ಈ ಸಣ್ಣ ಪ್ರಸಂಗಕ್ಕೆ ಮುಂದಿನ ಚರಿತ್ರೆಯಲ್ಲಿ ದೊಡ್ಡ ಪ್ರಮಾಣದ ಉದಾಹರಣೆಗಳು ಸಿಗುತ್ತವೆ.

ಹೀಗೆ ಸಮೋವದಲ್ಲಿ ತಯಾರಾಗಿ 1926ರಲ್ಲಿ ತೆರೆಕಂಡ ‘ಮೊವಾನ’ ಮೂಕಚಿತ್ರ. ಅಲ್ಲಿ ಎಳೆಯ ಮಗುವಾಗಿದ್ದ ಫ್ಲಾಹರ್ಟಿಯ ಮಗಳು ಮೋನಿಕ ಅರ್ಧಶತಮಾನ ಕಳೆದ ಮೇಲೆ ಸಮೋವಕ್ಕೆ ಮರಳಿ ಹೋಗಿ, ಆ ಜನರ ಮಾತು, ಹಾಡು, ಅಲೆಯ ಮೊರೆತಗಳನ್ನು ಮುದ್ರಿಸಿಕೊಂಡು ಬಂದು, ತಂದೆಯ ಚಿತ್ರಕ್ಕೆ ಧ್ವನಿ ಕೂಡಿಸಿದಳು. ಅಂತೂ ದ್ವೀಪದವರ ಮುಖವು ಲೋಕಕ್ಕೆ ಪರಿಚಯವಾದ ಐವತ್ತು ವರ್ಷಗಳಿಗೆ ಅವರ ದನಿಯೂ ಜೊತೆಗೂಡಿತು. ಫ್ಲಾಹರ್ಟಿಯು ಜರ್ಮನಿಯ ನಿರ್ದೇಶಕ ಮುರ್ನೌನೊಡನೆ ಸೇರಿ ಆರಂಭಿಸಿ ನಡುವೆ ಬಿಟ್ಟುಕೊಟ್ಟ ‘ತಾಬೂ’, ಬೋರಾಬೋರಾ ದ್ವೀಪದಲ್ಲಿ ಸ್ಥಳೀಯರನ್ನೇ ಮುಖ್ಯ ಪಾತ್ರಗಳಲ್ಲಿ ನಿಲ್ಲಿಸಿ ತೆಗೆದ ಕೃತಿ. ಅದು 1931ರ ಮಾರ್ಚಿನಲ್ಲಿ ತೆರೆಗೆ ಬರುವ ಒಂದು ವಾರ ಮುಂಚೆ ಮುರ್ನೌ ಮೋಟಾರು ಅಪಘಾತದಲ್ಲಿ ತೀರಿಕೊಂಡನು. ಛಾಯಾಗ್ರಾಹಕ ಫ್ಲಾಯ್ಡ್ ಕ್ರಾಸ್ಬಿಗೆ ಆಸ್ಕರ್ ಪ್ರಶಸ್ತಿ ಬಂದಿತು.

ಈ ಬಗೆಯ ಸಾವಧಾನ ಉದ್ಯಮಕ್ಕೆ ಒಗ್ಗುವಂಥದಲ್ಲ. 1935ರ ‘ಮ್ಯೂಟಿನಿ ಆನ್ ದಿ ಬೌಂಟಿ’ಯ ಹೆಚ್ಚಿನ ಭಾಗವನ್ನು ಕ್ಯಾಲಿಫೋರ್ನಿಯದ ಎದುರಿನ ಕ್ಯಾಟಲಿನಾ ದ್ವೀಪದಲ್ಲಿ ಮುಗಿಸಿದರು. ಜೋಸೆಫ್ ವಾನ್ ಸ್ಟರ್ನ್‌ಬರ್ಗನಂಥ ಶ್ರೇಷ್ಠ ನಿರ್ದೇಶಕನು ಪೆಸಿಫಿಕ್ಕಿನ ಅನತಹಾನ್ ದ್ವೀಪದ ಕಥೆಯನ್ನು 1953ರಲ್ಲಿ ಜಪಾನಿನ ಕ್ಯೋಟೋ ನಗರದ ಸ್ಟುಡಿಯೋ ಒಂದರಲ್ಲಿ ಕೃತಕವಾದ ಕಾಡನ್ನು ನಿರ್ಮಿಸಿ ಚಿತ್ರಿಸಿದನು. ಆದರೆ ದೂರದರ್ಶನದ ಪೆಟ್ಟಿಗೆಯು ಪ್ರೇಕ್ಷಕರನ್ನು ಮನೆಯಲ್ಲಿ ಕಟ್ಟಿಹಾಕತೊಡಗಿದಾಗ, ವರ್ಣವೂ ವಿಶಾಲವಾದ ಪರದೆಯೂ ಅವರನ್ನು ಮರಳಿ ಕರೆತರುವ ಉಪಾಯಗಳಾದವು. ಆ ಪರದೆಯನ್ನು ತುಂಬಲು ನಿಜವಾದ ದಿಗಂತ ಬೇಕಾಯಿತು. 1957ರಲ್ಲಿ ಡೇವಿಡ್ ಲೀನ್ ಸಿಂಹಳದ ಕಿತುಲ್ಗಲದಲ್ಲಿ ಕೆಲನಿ ನದಿಗೆ ಸೇತುವೆ ಕಟ್ಟಿಸಿ ಸಿಡಿಸಿ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಚಿತ್ರವನ್ನು ನೀಡಿದನು. 1958ರಲ್ಲಿ ಕವಾಯಿಯ ಉತ್ತರ ತೀರದಲ್ಲಿ ‘ಸೌತ್ ಪೆಸಿಫಿಕ್’ ತಯಾರಾಯಿತು. ಆ ತೀರದ ಸಹಜವರ್ಣಗಳೂ ನಿರ್ದೇಶಕನಿಗೆ ಸಾಲದೆ, ಹಾಡುಗಳ ವೇಳೆ ಮಸೂರಕ್ಕೆ ಬಣ್ಣದ ಗಾಜುಗಳನ್ನು ಅಡ್ಡ ಹಿಡಿಸಿ ದೃಶ್ಯಗಳನ್ನೆಲ್ಲ ಹಳದಿಗೂ ನೇರಳೆಗೂ ತಿರುಗಿಸಿದ್ದು ಅಂದಿನ ವಿಮರ್ಶಕರ ಟೀಕೆಗೆ ಗುರಿಯಾಯಿತು. 1962ರ ಎರಡನೆಯ ‘ಮ್ಯೂಟಿನಿ’ಗಾಗಿ ಕೆನಡದಲ್ಲಿ ಒಂದು ಹಡಗನ್ನೇ ಕಟ್ಟಿಸಿ ತಾಹಿತಿಗೆ ತಂದರು. ಹಡಗು ತಡವಾಗಿ ತಲಪಿ, ಅಷ್ಟರಲ್ಲಿ ಮಳೆಗಾಲ ಹಿಡಿದು, ನಡುವೆ ನಿರ್ದೇಶಕರೇ ಬದಲಾಗಿ, ವೆಚ್ಚವು ಮೇರೆ ಮೀರಿತು. ನಾಯಕ ಮರ್ಲಾನ್ ಬ್ರಾಂಡೋ ಮಾತ್ರ ಅಲ್ಲಿಯ ನಟಿಯನ್ನು ವರಿಸಿ, ತರುವಾಯ ತೆತಿಯರೋವ ಎಂಬ ಹವಳದ್ವೀಪವನ್ನೇ ತನ್ನದಾಗಿಸಿಕೊಂಡನು.

ದೂರದರ್ಶನದ ಧಾರಾವಾಹಿಗಳ ಕಥೆ ಇದಕ್ಕಿಂತ ಭಿನ್ನವಾಗಿದ್ದು ಹೆಚ್ಚು ಗಮನಾರ್ಹವಾಗಿದೆ. ಸಿನೆಮಾ ತಂಡವು ಕೆಲವು ವಾರಗಳಿದ್ದು ಹೊರಟುಹೋದರೆ ಧಾರಾವಾಹಿಯು ವರ್ಷಗಟ್ಟಲೆ ನೆಲೆ ನಿಲ್ಲುವುದು. ‘ಗಿಲ್ಲಿಗನ್ಸ್ ಐಲೆಂಡ್’ ತನ್ನ ಮಾದರಿ ಕಂತನ್ನು ಮಾತ್ರ ಕವಾಯಿಯಲ್ಲಿ ತೆಗೆದು ಉಳಿದುದನ್ನು ಲಾಸ್ ಏಂಜಲೀಸಿನ ಕೃತಕ ಕೊಳದ ಬಳಿ ಮುಗಿಸಿತು. ಆದರೆ 1968ರಿಂದ 1980ರವರೆಗೆ ಹನ್ನೆರಡು ವರ್ಷ ನಡೆದ ‘ಹವಾಯಿ ಫೈವ್-ಓ’, ಅದರ ಬೆನ್ನಿಗೇ ಬಂದ ‘ಮ್ಯಾಗ್ನಮ್’, ಅನಂತರ 2004ರಿಂದ ಆರು ವರ್ಷ ನಡೆದ ‘ಲಾಸ್ಟ್’, ಇವು ಓವಾಹು ದ್ವೀಪದಲ್ಲಿ ದೀಪ ಹಿಡಿಯುವವರು, ಬಡಗಿಗಳು, ವಸ್ತ್ರಾಲಂಕಾರದವರು, ಚಾಲಕರು ಎಂಬೊಂದು ನುರಿತ ವರ್ಗವನ್ನೇ ಸೃಷ್ಟಿಸಿದವು. ಡೈಮಂಡ್ ಹೆಡ್ ಬೆಟ್ಟದ ಬಳಿ ಸರಕಾರದ್ದೇ ಸ್ಟುಡಿಯೋ ನಿಂತಿತು. ‘ಲಾಸ್ಟ್’ ಧಾರಾವಾಹಿಯಲ್ಲಿ ನಿರ್ಜನ ದ್ವೀಪವಷ್ಟೇ ಅಲ್ಲದೆ ಪಾತ್ರಗಳ ಪೂರ್ವಕಥೆಯ ಇರಾಕ್, ಕೊರಿಯ, ನೈಜೀರಿಯ, ಲಂಡನ್ನುಗಳೂ ಬಹುಪಾಲು ಅದೇ ಓವಾಹುವಿನ ಬೀದಿಗಳಲ್ಲಿಯೇ ತಯಾರಾದುವೆಂದರೆ ಆ ಜನರ ಕೈಚಳಕವನ್ನು ಊಹಿಸಬಹುದು. ಗ್ವಾಡೆಲೂಪಿನ ದೆಶೆ ಎಂಬ ಮೀನುಗಾರರ ಊರಿನಲ್ಲಿ 2011ರಿಂದ ನಡೆದುಬಂದಿರುವ ‘ಡೆತ್ ಇನ್ ಪ್ಯಾರಡೈಸ್’ ಕೂಡ ಈ ಜಾತಿಯದೇ. ಅಲ್ಲಿ ಚರ್ಚಿನ ಪಕ್ಕದ ಕಟ್ಟಡವೊಂದು ಪೊಲೀಸ್ ಠಾಣೆಯ ಪಾತ್ರ ವಹಿಸುತ್ತ ಯಾತ್ರಿಕರ ನೋಟಕ್ಕೆ ವಿಷಯವಾಗಿದೆ. ಇದಲ್ಲದೆ ‘ಸರ್ವೈವರ್’ನಂಥ ಸ್ಪರ್ಧಾ ಕಾರ್ಯಕ್ರಮಗಳಿವೆ, 2000ದಲ್ಲಿ ಮಲೇಷಿಯದ ತೀಗಾ ದ್ವೀಪದಿಂದ ಆರಂಭಿಸಿ ಋತುವಿಗೊಂದು ನೆಲವನ್ನು ಬದಲಿಸುತ್ತಿದ್ದ ಈ ಕಾರ್ಯಕ್ರಮವು 2016ರಿಂದ ಫಿಜಿಯ ಮಮನುಕ ದ್ವೀಪಸ್ತೋಮದಲ್ಲಿಯೇ ತಳವೂರಿದೆ. ಇಂತಹ ತಂಡಗಳನ್ನು ಬರಮಾಡಿಕೊಳ್ಳಲು ದ್ವೀಪಗಳು ಪರಸ್ಪರ ಪೈಪೋಟಿ ನಡೆಸುವುದೂ ಉಂಟು: ಹವಾಯಿ ತೆರಿಗೆಯಲ್ಲಿ ವಿನಾಯಿತಿ ಕೊಡುತ್ತದೆ, ಮಾರಿಷಸ್ 2013ರಲ್ಲಿ ಚಿತ್ರದ ಸ್ಥಳೀಯ ವೆಚ್ಚದಲ್ಲಿ ನೂರಕ್ಕೆ 30ರಷ್ಟನ್ನು ಹಿಂದಿರುಗಿಸುವ ಯೋಜನೆಯನ್ನು ಆರಂಭಿಸಿತು.

ಹಣ ಬರುವುದು ನಿಜ, ಕೀರ್ತಿಯೂ ಬರುವುದು. ಆದರೆ ಹೆಸರಿಲ್ಲದೆ ದುಡಿದ ದ್ವೀಪಕ್ಕೆ ಚಿತ್ರವು ಕೊನೆಗೆ ತನ್ನ ಹೆಸರನ್ನೇ ಅಂಟಿಸಿಬಿಡುವುದೂ ಉಂಟು. 1974ರ ‘ದಿ ಮ್ಯಾನ್ ವಿತ್ ದ ಗೋಲ್ಡನ್ ಗನ್’ ಚಿತ್ರೀಕರಣವಾದ, ಥಾಯ್ಲೆಂಡಿನ ಫಂಗ್ಙಾ ಕೊಲ್ಲಿಯ ಖಾವೋ ಫಿಂಗ್ ಕಾನ್ ಎಂಬ ನಡುಗಡ್ಡೆಯನ್ನು ಈಗ ಪ್ರವಾಸಿಗಳು ‘ಜೇಮ್ಸ್ ಬಾಂಡ್ ದ್ವೀಪ’ವೆಂದಲ್ಲದೆ ಅರಿಯರು. ಅದರ ಎದುರಿಗೆ ನೀರಿನಿಂದ ಎದ್ದು ನಿಂತಿರುವ, ಬುಡ ಸಣ್ಣದಾಗಿ ತಲೆ ದಪ್ಪವಾಗಿರುವ, ಸುಮಾರು 20 ಮೀಟರ್ ಎತ್ತರದ ಸುಣ್ಣಕಲ್ಲಿನ ಸ್ತಂಭವು ದೋಣಿಗಳ ಓಡಾಟದಿಂದ ಸವೆಯತೊಡಗಿ, 1998ರಿಂದ ದೋಣಿಗಳು ಅದನ್ನು ಸಮೀಪಿಸುವುದನ್ನು ನಿಷೇಧಿಸಬೇಕಾಯಿತು.

ಇದಕ್ಕಿಂತಲೂ ಬೋಧಪ್ರದವಾದುದು ಅದೇ ದೇಶದ ಫಿಫಿ ಲೇ ದ್ವೀಪದ ಮಾಯಾ ಕೊಲ್ಲಿಯ ವೃತ್ತಾಂತ. 1999ರ ಆದಿಯಲ್ಲಿ ‘ದಿ ಬೀಚ್’ ಚಿತ್ರದ ನಿರ್ಮಾಪಕರು, ಅರಣ್ಯ ಇಲಾಖೆಯ ಅನುಮತಿಯನ್ನು ಪಡೆದು, ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಆ ಮರಳದಂಡೆಯನ್ನು ಯಂತ್ರಗಳಿಂದ ಅಗಲಗೊಳಿಸಿ, ದಿಬ್ಬಗಳನ್ನು ಬೇರುಗಳಿಂದ ಬಿಗಿಹಿಡಿದಿದ್ದ ಸ್ಥಳೀಯ ಗಿಡಗಳನ್ನು ಕಿತ್ತು, ಹೊರಗಿನಿಂದ ತೆಂಗಿನ ಮರಗಳನ್ನು ತಂದು ನೆಟ್ಟರು. ದ್ವೀಪವು ಪ್ರೇಕ್ಷಕನ ಮನಸ್ಸಿನಲ್ಲಿರುವ ದ್ವೀಪದ ಹಾಗೆ ಕಾಣಬೇಕಾಗಿತ್ತು, ಅಷ್ಟೆ. ಕಡಲಿಗೆ ತೆರೆದುಕೊಂಡಿರುವ ಕೊಲ್ಲಿಯ ಬಾಯನ್ನು ಚಿತ್ರದಲ್ಲಿ ಗಣಕಯಂತ್ರದ ಬೆಟ್ಟಗಳಿಂದ ಮುಚ್ಚಿದರು. ಸ್ಥಳೀಯರೂ ಪರಿಸರಾಸಕ್ತರೂ ಕೂಡಿ ಹೂಡಿದ ಮೊಕದ್ದಮೆಯು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆದು, 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ದಂಡೆಯನ್ನು ಪೂರ್ವಸ್ಥಿತಿಗೆ ತರುವ ಹೊಣೆಯನ್ನು ಇಲಾಖೆಯ ಮೇಲೆ ಸ್ಥಿರಪಡಿಸಿತು. ಚಿತ್ರಸಂಸ್ಥೆಯು ಒಂದು ಕೋಟಿ ಬಾತ್ ಕೊಡಲು ಒಪ್ಪಿತು. ಆದರೆ ಚಿತ್ರೀಕರಣದ ಹಾನಿಗಿಂತ ಹೆಚ್ಚಿನದು ಚಿತ್ರದ ಯಶಸ್ಸಿನಿಂದಾದ ಹಾನಿ. ದಿನಕ್ಕೆ ಸುಮಾರು 5,000 ಜನರು ಆ ಪುಟ್ಟ ದಂಡೆಗೆ ಬಂದಿಳಿಯತೊಡಗಿ, ಲಂಗರುಗಳು ಹವಳವನ್ನು ಪುಡಿಗುಟ್ಟಿ, ಕಡೆಗೆ 2018ರ ಜೂನಿನಲ್ಲಿ ಕೊಲ್ಲಿಯನ್ನೇ ಮುಚ್ಚಿದರು. ಜನಸಂಚಾರವಿಲ್ಲದೆ ಹೋದಾಗ ಕಪ್ಪುತುದಿಯ ರೆಕ್ಕೆಯ ಷಾರ್ಕ್ ಮೀನುಗಳು ತಾವಾಗಿಯೇ ಮರಳಿ ಬಂದವು. 2022ರ ಜನವರಿಯಲ್ಲಿ ಮತ್ತೆ ತೆರೆದರಾದರೂ, ದೋಣಿಗಳು ಕೊಲ್ಲಿಯೊಳಗೆ ಬಾರದೆ ಬೆನ್ನಿನ ಕಡೆ ನಿಲ್ಲಬೇಕು, ಜನರು ಮಿತಸಂಖ್ಯೆಯಲ್ಲಿ ಸರದಿಯ ಮೇಲೆ ಬರಬೇಕು, ವರ್ಷದಲ್ಲಿ ಎರಡು ತಿಂಗಳು ಮುಚ್ಚಿರಬೇಕು ಎಂಬ ಕಟ್ಟಳೆಗಳಾಗಿವೆ.

ನೆಲಕ್ಕಾಗುವ ಹಾನಿಯು ಕಣ್ಣಿಗೆ ಕಾಣುವುದು. ಜನರ ಚಹರೆಗೆ ಆಗುವ ಹಾನಿಯು ಸುಲಭವಾಗಿ ಕಾಣದು. 2005ರಲ್ಲಿ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ಸರಣಿಯ ಎರಡನೆಯ ಚಿತ್ರಕ್ಕಾಗಿ ಡೊಮಿನಿಕಾ ದ್ವೀಪಕ್ಕೆ ಬಂದವರು ದ್ವೀಪವಾಸಿಗಳನ್ನು ನರಭಕ್ಷಕರನ್ನಾಗಿ ತೋರಿಸಹೊರಟಾಗ, ಅಲ್ಲಿಯ ಮೂಲನಿವಾಸಿಗಳಾದ ಕಲಿನಾಗೊ ಜನರ ಮುಖಂಡರು ಪ್ರತಿಭಟಿಸಿದರು; ವಸಾಹತುಗಾರರು ತಮ್ಮ ಪೂರ್ವಿಕರ ಮೇಲೆ ಹೊರಿಸಿದ ಹಳೆಯ ಅಪವಾದವನ್ನು ಹೊಸದಾಗಿ ಹೇರುವುದು ಅವರಿಗೆ ಸಹ್ಯವಾಗಲಿಲ್ಲ. ಆದರೆ ಅದೇ ಜನರಲ್ಲಿ ಅನೇಕರು ದಿನಗೂಲಿಗಾಗಿ ಅದೇ ಚಿತ್ರದಲ್ಲಿ ಸಹಕಲಾವಿದರಾದದ್ದೂ ಸತ್ಯ. ಕೂಲಿಯನ್ನು ಬಿಡಲಾರದ ಬಡತನ, ಅಪವಾದವನ್ನು ಸಹಿಸಲಾರದ ಅಭಿಮಾನ, ಇವೆರಡರ ನಡುವೆ ಸಿಕ್ಕವರನ್ನು ಹೊರಗಿನವರು ನಿಂದಿಸುವುದು ಸಲ್ಲದು. 2000ದ ‘ಕಾಸ್ಟ್ ಅವೇ’ಯಲ್ಲಿ ಟಾಮ್ ಹ್ಯಾಂಕ್ಸ್ ಏಕಾಕಿಯಾಗಿ ಬದುಕುವ ದ್ವೀಪವು ಫಿಜಿಯ ಮೊನುರಿಕಿ. ಅಲ್ಲಿ ಜನವಸತಿಯಿಲ್ಲವಾದರೂ ಅದು ನೆರೆಯ ಯನುಯ ಗ್ರಾಮದವರ ಪಿತ್ರಾರ್ಜಿತ ಸ್ವತ್ತು. ವಿನಾಶದ ಅಂಚಿನಲ್ಲಿರುವ ಜುಟ್ಟುಳ್ಳ ಇಗ್ವಾನ ಎಂಬ ಉಡದ ಬಳಗದ ಪ್ರಾಣಿಗೆ ಅದು ನೆಲೆ. ಚಿತ್ರದಲ್ಲಾದರೋ ಒಡೆಯನೂ ಇಲ್ಲ, ಇಗ್ವಾನವೂ ಇಲ್ಲ.

ಭಾರತೀಯ ಚಿತ್ರಗಳು ಈ ಹಾದಿಯಲ್ಲಿ ಎಲ್ಲಿವೆ ಎಂಬುದೂ ವಿಚಾರಯೋಗ್ಯ. ಆರಂಭದ ಸಿಂಹಳಿ ಚಿತ್ರಗಳನ್ನು ದಕ್ಷಿಣ ಭಾರತದ ಸ್ಟುಡಿಯೋಗಳಲ್ಲಿ ತಯಾರಿಸುತ್ತಿದ್ದ ಕಾಲವೊಂದಿತ್ತು. 1956ರಲ್ಲಿ ಲೆಸ್ಟರ್ ಜೇಮ್ಸ್ ಪೀರಿಸ್ ‘ರೇಖಾವ’ವನ್ನು ತಮ್ಮ ದೇಶದ ಹಳ್ಳಿಯ ಬಿಸಿಲಿನಲ್ಲಿಯೇ ತೆಗೆದು ಆ ಅವಲಂಬನೆಯಿಂದ ಹೊರಬಂದರು. ಮುಂದೆ ಚಕ್ರವು ತಿರುಗಿ, ಕಾಶಿಯಲ್ಲಿ ವಿರೋಧವೆದ್ದು ನಿಂತುಹೋದ ದೀಪಾ ಮೆಹ್ತಾರ ‘ವಾಟರ್’ ಚಿತ್ರಕ್ಕೆ ಗಂಗಾತೀರವಾಗಿ ಒದಗಿದ್ದು ಶ್ರೀಲಂಕೆಯೇ. ಕನ್ನಡಿಗರ ಪಾಲಿಗೆ ವಿನೋದವಾದ ಸಂಗತಿಯೊಂದಿದೆ. ಹೊರದೇಶದಲ್ಲಿ ಚಿತ್ರೀಕರಣಗೊಂಡ ಮೊದಲ ಕನ್ನಡ ಚಿತ್ರವೆಂದು ಹೆಸರಾದ 1978ರ ‘ಸಿಂಗಾಪುರದಲ್ಲಿ ರಾಜಾ ಕುಳ್ಳ’, ವಿಷ್ಣುವರ್ಧನ್ ಮತ್ತು ದ್ವಾರಕೀಶ್ ಜೋಡಿಯದು, ನಡೆದ ನೆಲವೂ ಭೂಗೋಳದ ಲೆಕ್ಕದಲ್ಲಿ ಉಷ್ಣವಲಯದ ದ್ವೀಪವೇ. ಆದರೆ ನಮ್ಮವರು ಅಲ್ಲಿಗೆ ಕಾಡಿಗಾಗಿಯೂ ಕಡಲಿಗಾಗಿಯೂ ಹೋಗಲಿಲ್ಲ. ಸಾಲುಮಹಡಿಗಳ ಆಧುನಿಕ ನಗರವನ್ನು ತೋರಿಸಲು ಹೋದರು, ದ್ವೀಪದ ಹೆಸರನ್ನು ಚಿತ್ರದ ಶೀರ್ಷಿಕೆಯಲ್ಲಿಯೇ ಮೊದಲು ಇಟ್ಟರು. ಆ ಮಟ್ಟಿಗೆ ಅದು ಹಾಲಿವುಡ್ಡಿನ ಪದ್ಧತಿಗಿಂತ ಪ್ರಾಮಾಣಿಕವಾದದ್ದು. 1996ರ ಮಲಯಾಳಂ ಚಿತ್ರ ‘ಕಾಲಾಪಾನಿ’ಯಲ್ಲಿ ಪೋರ್ಟ್ ಬ್ಲೇರಿನ ಸೆಲ್ಯುಲರ್ ಜೈಲು ತನ್ನ ಪಾತ್ರವನ್ನು ತಾನೇ ವಹಿಸಿತು, 2015ರ ‘ಅನಾರ್ಕಲಿ’ ಲಕ್ಷದ್ವೀಪದ ಕವರತ್ತಿಯನ್ನು ಕವರತ್ತಿಯೆಂದೇ ತೋರಿಸಿತು.

ಲಕ್ಷದ್ವೀಪದ ಮಾತು ಬಂದಾಗ ನಮಗೆ ಹೆಚ್ಚಿನ ಆಸ್ಥೆಯಿರುವುದು ಸಹಜ. ಅದರ ಉತ್ತರಭಾಗದ ಅಮಿನಿದೀವಿ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿದ್ದು, ಮಂಗಳೂರಿನೊಡನೆ ಅವುಗಳ ವ್ಯಾಪಾರಬಾಂಧವ್ಯ ಬಹು ಹಳೆಯದು. ಎಲ್ಲ ದ್ವೀಪಗಳೂ ಕೂಡಿ 32 ಚದರ ಕಿಲೋಮೀಟರ್, ವಾಸವಿರುವವು ಹತ್ತು. ಹವಳದ ನೆಲದಲ್ಲಿ ನದಿಯಿಲ್ಲ, ಹಳ್ಳವಿಲ್ಲ. ಮಳೆಯ ನೀರು ಇಂಗಿ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುವ ಪದರವೇ ಬಾವಿಗಳಿಗೆ ಆಧಾರ. 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿಗೊಳಿಸುವ ಸ್ಥಾವರವನ್ನು ಸ್ಥಾಪಿಸಬೇಕಾದದ್ದು ಇದರಿಂದಲೇ. ಇನ್ನೂರು ಜನರ ಯೂನಿಟ್ಟು ತಿಂಗಳುಗಟ್ಟಲೆ ಬಿಡಾರ ಹೂಡಿದರೆ ಅವರ ಸ್ನಾನದ ನೀರು ಯಾರ ಬಾವಿಯದು, ಅವರ ಪ್ಲಾಸ್ಟಿಕ್ಕು ಹೋಗುವುದು ಯಾವ ದಡಕ್ಕೆ, ಎಂಬುದು ಅಲ್ಲಿ ಕಲೆಗಿಂತ ಮುಂಚೆ ಇತ್ಯರ್ಥವಾಗಬೇಕಾದ ಪ್ರಶ್ನೆ. ಪ್ರವೇಶಕ್ಕೆ ಪರವಾನಗಿ ಬೇಕೆಂಬ ಅಲ್ಲಿಯ ನಿಯಮವನ್ನು ಚಿತ್ರದವರು ಕಿರುಕುಳವೆಂದು ಬಗೆಯಬಹುದು. ಮಾಯಾ ಕೊಲ್ಲಿಯನ್ನು ನೆನೆದವರು ಹಾಗೆ ಬಗೆಯಲಾರರು.

ಈ ಸಮೀಕ್ಷೆಗೆ ಇನ್ನೊಂದು ಮುಖವೂ ಇದೆ: ದ್ವೀಪದವರೇ ಕ್ಯಾಮೆರಾ ಹಿಡಿದದ್ದು. 1972ರಲ್ಲಿ ಪೆರ‍್ರಿ ಹೆನ್ಜೆಲ್ ಜಮೈಕದ ಮೊದಲ ಕಥಾಚಿತ್ರ ‘ದ ಹಾರ್ಡರ್ ದೇ ಕಮ್’ ಅನ್ನು ಕಿಂಗ್‌ಸ್ಟನ್ನಿನ ಕೊಳೆಗೇರಿಗಳಲ್ಲಿ ತೆಗೆದನು. ಹತ್ತು ವರ್ಷ ಮೊದಲು ‘ಡಾಕ್ಟರ್ ನೋ’ ತೋರಿಸಿದ್ದ ಬೆಳ್ಳಿಮರಳಿನ ಜಮೈಕವೂ ಇದೂ ಒಂದೇ ನೆಲವೆಂದು ನಂಬುವುದು ಕಷ್ಟ. 1983ರಲ್ಲಿ ಮಾರ್ಟಿನೀಕಿನ ಯೂಜಾನ್ ಪಾಲ್ಸಿ ಕಬ್ಬಿನ ಗದ್ದೆಯ ಕೂಲಿಗಳ ಕೇರಿಯನ್ನು ಚಿತ್ರಿಸಿ ವೆನಿಸ್ಸಿನಲ್ಲಿ ಬಹುಮಾನ ಪಡೆದಳು. ಅಲ್ಲಿ ದ್ವೀಪದ ಹಸಿರೆಂದರೆ ವಿಹಾರವಲ್ಲ, ಬೆವರು. 2011ರಲ್ಲಿ ತೂಸಿ ತಮಸೆಸೆಯ ‘ದಿ ಓರೇಟರ್’ ಸಮೋವದಲ್ಲಿ, ಸಮೋವದ ಭಾಷೆಯಲ್ಲಿ, ಅಲ್ಲಿನವರದೇ ಕಥೆಯಾಗಿ ತಯಾರಾದ ಮೊದಲ ಕಥಾಚಿತ್ರ. ಫ್ಲಾಹರ್ಟಿ ಬಂದುಹೋದ ಮೇಲೆ ಅದಕ್ಕೆ ಹಿಡಿದದ್ದು ಸುಮಾರು ತೊಂಬತ್ತು ವರ್ಷ. ಹೊರಗಿನವರೂ ಈ ದಾರಿಯಲ್ಲಿ ನಡೆಯಬಹುದೆಂಬುದಕ್ಕೆ ವನುವಾಟುವಿನ ‘ತನ್ನ’ ಸಾಕ್ಷಿ. 2015ರ ಆ ಚಿತ್ರದ ನಿರ್ದೇಶಕರಿಬ್ಬರೂ ಆಸ್ಟ್ರೇಲಿಯದವರು. ಯಾಕೆಲ್ ಜನರ ನಡುವೆ ತಿಂಗಳುಗಟ್ಟಲೆ ಇದ್ದು, ಕಥೆಯನ್ನು ಅವರೊಡನೆಯೇ ಕಟ್ಟಿ, ಅವರನ್ನೇ ನಟರನ್ನಾಗಿಸಿ, ದ್ವೀಪದ ಹೆಸರನ್ನೇ ಚಿತ್ರಕ್ಕೆ ಇಟ್ಟರು.

ದ್ವೀಪಗಳಲ್ಲಿ ಚಿತ್ರೀಕರಣ ಬೇಡವೆಂದು ವಾದಿಸುವುದು ಈ ಲೇಖನದ ಉದ್ದೇಶವಲ್ಲ. ಓವಾಹುವಿನ ಬಡಗಿಯ ಕೈಗೆ ಬಂದ ಕಸಬನ್ನು ಯಾರೂ ಅಲ್ಲಗಳೆಯಲಾರರು. ಬೆಳಕು, ನೀರು, ಬೆಟ್ಟಗಳ ಆ ಸಂಯೋಗವನ್ನು ಸ್ಟುಡಿಯೋದ ಗಣಕಯಂತ್ರವು ಇಂದಿಗೂ ಪೂರ್ತಿ ಅನುಕರಿಸಲಾರದು. ಮೇಲಣ ಉದಾಹರಣೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಳಿತಾದುದು ಬಹುಮಟ್ಟಿಗೆ ತಂಡವು ಬಹುಕಾಲ ನಿಂತಲ್ಲಿ, ಊರಿನವರ ಮಾತು ನಡೆದಲ್ಲಿ. ಕೇಡಾದುದು ಅನುಮತಿ ಕೊಡುವವನು ರಾಜಧಾನಿಯಲ್ಲಿದ್ದು ಅನುಭವಿಸುವವನು ದ್ವೀಪದಲ್ಲಿದ್ದಲ್ಲಿ. ಆದ್ದರಿಂದ ಪರವಾನಗಿಗೆ ರುಜು ಹಾಕುವ ಅಧಿಕಾರಿಯು ಚಿತ್ರದಿಂದ ಎಷ್ಟು ಪ್ರವಾಸಿಗಳು ಬಂದಾರೆಂದು ಕೇಳುವುದಕ್ಕೆ ಮೊದಲು, ಅವರಲ್ಲಿ ಎಷ್ಟು ಮಂದಿಯನ್ನು ಈ ನೆಲ ತಾಳಿಕೊಂಡೀತೆಂದು ದ್ವೀಪದವರನ್ನೇ ಕೇಳಬೇಕು. ನೆಲವನ್ನು ಪೂರ್ವಸ್ಥಿತಿಗೆ ತರುವ ಹಣವನ್ನು ಮೊದಲ ದೃಶ್ಯದ ಚಿತ್ರಣಕ್ಕೆ ಮುಂಚೆಯೇ ಠೇವಣಿಯಾಗಿ ಇರಿಸಿಕೊಳ್ಳಬೇಕು. ಇಪ್ಪತ್ತು ವರ್ಷ ನ್ಯಾಯಾಲಯಕ್ಕೆ ಅಲೆದು ಪಡೆಯುವ ಪರಿಹಾರಕ್ಕಿಂತ ಅದು ಎಲ್ಲರಿಗೂ ಅಗ್ಗವಾದೀತು.